ಸ್ಮಿದರೀನ್ಸ್ ಎಂಬ ಶಬ್ದ

ಬೇಗಂಪೇಟೆ, ಹೈದರಾಬಾದು
೨೧ ನವೆಂಬರ್ ೨೦೦೪, ಭಾನುವಾರ

ಅವ್ವನಿಗೆ, ನಿನ್ನ ಹಿರಿಮಗಳು ವಿಜಯಶ್ರೀಯ ಶರಣು.

ಫೋನಿನಲ್ಲಿ ಈ ವಿಷಯ ತೆಗೆದರೆ ಸಾಕು, ‘ಹಾಲು ಒಲಿ ಮ್ಯಾಲ ಐತಿ’ ಎಂದು ಇಟ್ಟುಬಿಡುತ್ತೀಯ. ಹಿಮಾಯತ್‌ನಗರದ ನಮ್ಮ ಮನೆಗೆ ಅಷ್ಟೊಂದು ಹಾಲು ಯಾವಾಗಿನಿಂದ ಬರತೊಡಗಿತು? ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮಾದಾಪುರದ ಕಾಲ್ ಸೆಂಟರಿನಲ್ಲಿ ಹೊಸಬರ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ, ನಿನಗೆ ಗೊತ್ತೇ ಇದೆ. ಮೊನ್ನೆ ಗಿರಾಕಿಯೊಬ್ಬಳು ತಾನು ತರಿಸಿದ ಗಾಜಿನ ಹೂದಾನಿ ಸ್ಮಿದರೀನ್ಸ್ ಆಗಿ ಬಂದಿದೆ ಎಂದು ಕೂಗಾಡಿದಳು. ನಮ್ಮ ಹುಡುಗಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ನಿಘಂಟು ತೆಗೆದೆ. ಮತ್ತೆ ಕೂಡಿಸಲು ಬಾರದ ಹಾಗೆ ನುಚ್ಚುನೂರಾದದ್ದು ಎಂದರ್ಥ. ಐರ್ಲೆಂಡಿನವರ ಭಾಷೆಯಿಂದ ಬಂದದ್ದಂತೆ. ಕೊನೆಯ ‘ಈನ್’ ಚಿಕ್ಕದನ್ನು ಕರೆಯಲು, ಮುದ್ದಿನಿಂದ ಕರೆಯಲು ಅವರು ಹಚ್ಚುವ ಬಾಲ. ಒಂದೇ ಚೂರಿಗೆ ಈ ಮಾತು ಸಲ್ಲುವುದಿಲ್ಲ, ಯಾವಾಗಲೂ ರಾಶಿಗೇ. ತರಗತಿಯಲ್ಲಿ ಇದನ್ನು ಹೇಳಿಕೊಡುತ್ತಿದ್ದಾಗ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಮುದ್ದು ಮಾಡಿದರೂ ಅವರು ಒಡೆದದ್ದನ್ನು ಒಡೆದದ್ದು ಎನ್ನುತ್ತಾರಲ್ಲ.

ನಮ್ಮಲ್ಲಿ ಬಳೆ ಒಡೆಯುವುದೇ ಇಲ್ಲ, ಹೆಚ್ಚುತ್ತದೆ. ಮುತ್ತೈದೆಯ ಬಾಯಲ್ಲಿ ಬಳೆ ಒಡೆಯಿತು ಎಂಬ ಮಾತು ಬರಬಾರದೆಂದು ನೀನೇ ಕಲಿಸಿದ್ದು. ಆಫೀಸಿನ ಕ್ಯಾಬ್‌ನಲ್ಲಿ ಗಂಡಸರ ಜೊತೆ ಬಂದಿಳಿದೆ ಎಂದು, ಯುಗಾದಿಯ ಮರುದಿನ ಇವರು (ಹೆಸರು ಹೇಳಿಯೇ ಬಿಡುತ್ತೇನೆ, ಚನ್ನಬಸಪ್ಪ) ನನ್ನ ಮುಂಗೈ ಹಿಡಿದು ಗೋಡೆಗೆ ಜಜ್ಜಿದ. ಹಬ್ಬಕ್ಕೆಂದು ಬಂದಿದ್ದ ನೀನು ಓಡಿ ಬಂದೆ. ನೆಲದ ಮೇಲಿನ ಹಸಿರು ಚೂರುಗಳನ್ನು ಸೆರಗಿಗೆ ಆಯ್ದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ನಲಿನಿಬಾಯಿಗೆ ‘ಬಳಿ ಹೆಚ್ಚ್ಯಾವ್ರೀ, ಮತ್ತೇನಿಲ್ಲ’ ಎಂದೆ. ಸಂಜೆ ಲಾಡ್ ಬಜಾರಿನಿಂದ ಹೊಸ ಬಳೆ ತಂದು ಆ ಊದಿದ ಕೈಗೇ ಏರಿಸಿದೆ. ನಾನು ಚೀರಿದೆ. ನೀನೂ ಅಳುತ್ತಿದ್ದೆ, ಸುಳ್ಳಲ್ಲ. ಆದರೂ ಏರಿಸಿದೆ.

ಗಂಡನ ಮನೆ ಬಿಟ್ಟು ನಾನು ಹಾಸ್ಟೆಲ್ ಸೇರಿದೆ. ಕೇಳಿದವರಿಗೆಲ್ಲ ನೀನು ‘ಆಕಿಗೆ ನೈಟ್ ಶಿಫ್ಟ್ ಐತ್ರಿ, ಆಫೀಸಿಗೆ ಹತ್ರ ಇರ್ತಾಳ’ ಎನ್ನುತ್ತಾ ಬಂದೆ. ಅದನ್ನೂ ನಾನು ನುಂಗಿಕೊಂಡೆ. ಆದರೆ ತಂಗಿ ವನಜಾಳನ್ನು ಅದೇ ಮನೆಗೆ, ಅವನ ತಮ್ಮ ಅಮರೇಶನಿಗೆ ಕೊಡುವುದೇ? ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದರೆ ಒಬ್ಬರಿಗೊಬ್ಬರು ಆಸರೆ ಎಂದೆಯಂತೆ, ತಂಗಿ ಹೋದರೆ ಅಕ್ಕನೂ ತಾನಾಗಿ ತಿರುಗಿ ಹೋಗುತ್ತಾಳೆ ಎಂದೆಯಂತೆ. ಒಬ್ಬಳು ಹೇಗೋ ಬಾವಿಯಿಂದ ಮೇಲೆ ಬಂದಿದ್ದಾಳೆ. ಅವಳನ್ನು ಮತ್ತೆ ಇಳಿಸಲು ಇನ್ನೊಬ್ಬಳನ್ನು ನೂಕುತ್ತಾರೆಯೇ, ಅವ್ವಾ?

ಮದುವೆ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರು ಎಂದು ಮಲ್ಲಣ್ಣ ಮಾವನ ಕೈಯಲ್ಲಿ ಹೇಳಿಕಳಿಸಿದ್ದೀಯ. ಮುಚ್ಚುವುದಿಲ್ಲ. ನಾಳೆ ವನಜಾಳ ಕಾಲೇಜಿಗೆ ಹೋಗಿ ನನಗಾದದ್ದನ್ನೆಲ್ಲ ಹೇಳುತ್ತೇನೆ. ಪಾಪ, ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದರೆ ನಿಶ್ಚಯದ ದಿನ ಅಷ್ಟು ನಗುತ್ತಿರಲಿಲ್ಲ. ನೀನು ಬಂದು ಅಡ್ಡ ನಿಂತರೆ ಬೀಗರ ಎದುರಿಗೇ ಹೇಳುತ್ತೇನೆ. ಅವರ ಎದುರು ನಿನ್ನ ತಲೆ ತಗ್ಗಿದರೆ ತಗ್ಗಲಿ. ನನಗೆ ಸಂಕಟವಾಗುತ್ತದೆ, ಆದರೆ ಹಿಂದೆಗೆಯುವುದಿಲ್ಲ.

ನಿನ್ನ ಮೊಣಕಾಲಿನ ಎಣ್ಣೆ ತೆಗೆದಿಟ್ಟಿದ್ದೇನೆ, ಮಾವನ ಕೈಯಲ್ಲಿ ಕಳಿಸುತ್ತೇನೆ.

ಸಿಟ್ಟಿದ್ದರೂ ನಿನ್ನ ಮಗಳೇ ಆದ,
ವಿಜಯಶ್ರೀ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ವನಜಾ ತಾನೇ ಹಾಸ್ಟೆಲಿಗೆ ಬಂದಳು. ಎಡಗೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದರೆ ಹೊಲಿಗೆ ಹಾಕಿಸಿದ ಗಾಯ. ಕಾಲೇಜಿನ ಗೆಳೆಯನೊಬ್ಬನ ಜೊತೆ ಮಾತಾಡಿದಳೆಂದು ಶುಕ್ರವಾರ ಅಮರೇಶ ಮಾಡಿದ್ದು. ಇನ್ನು ಅವಳು ಇಲ್ಲೇ ಇರುತ್ತಾಳೆ, ಹುಡುಕಬೇಡ. ಅವ್ವನಿಗಾದರೂ ಹೇಳಬಾರದಿತ್ತೇ ಎಂದು ಬೈದೆ. ‘ಮೊದಲ ಆಕಿಗೇ ಹೇಳೀನಿ, ಅಕ್ಕಾ’ ಎಂದಳು.