ನಿನ್ನಮ್ಮನ ಪಾಲಿಗೆ ಬಂದ ನೆಲ

ಮನೆ, ಹಿತ್ತಲ ಕಡೆಯ ಕೋಣೆ
ಎಂಟನೇ ತಾರೀಖು, ಭಾನುವಾರ

ಪ್ರೀತಿಯ ಪುಟ್ಟೀ,

ಕಾಲೇಜಿಗೆ ಹೋಗಿಬಂದದ್ದನ್ನೇ ನಿನ್ನೆ ಫೋನಿನಲ್ಲಿ ಹೇಳಹೊರಟಿದ್ದೆ, ಅಷ್ಟರಲ್ಲಿ ನಿನ್ನ ಕುಕ್ಕರ್ ಕೂಗಿತು. ಇರಲಿ, ಕಾಗದಕ್ಕೆ ಕುಕ್ಕರ್ ಕಾಟವಿಲ್ಲ. ಮೊದಲು ನಿನ್ನ ಸೊಂಟ ನೋವು ಹೇಗಿದೆ ಹೇಳು. ಬಗ್ಗಬೇಡ ಅಂದರೆ ಬಗ್ಗೇ ಬಗ್ಗುತ್ತೀಯ, ಥೇಟ್ ನಿನ್ನಮ್ಮ. ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ನನ್ನ ಮಂಡಿ ಕೂರುವಾಗ ಒಂದು ಮಾತಾಡುತ್ತೆ, ಏಳುವಾಗ ಇನ್ನೊಂದು. ಅದರ್‌ವೈಸ್ ಐ ಯಾಮ್ ಕ್ವೈಟ್ ವೆಲ್ ಅಂಡ್ ಹೋಪಿಂಗ್ ಟು... ಮುಂದಿನದು ಮರೆತುಹೋಯಿತು. ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು, ಬಾಲ ಉದುರಿ ತಲೆ ಮಾತ್ರ ಉಳಿದಿದೆ.

ನಿನ್ನೆ ನಿನ್ನಮ್ಮನ ಕಾಲೇಜಿಗೆ ಹೋಗಿದ್ದೆ, ಬೆಂಚಿನ ಜಾಗ ನೋಡೋದಕ್ಕೆ. ಕಲ್ಲುಬೆಂಚು ಬೇಕು, ಅದರ ಮೇಲೆ ಅವಳ ಹೆಸರಿರಬೇಕು ಅಂತ ಹಟ ಹಿಡಿದವನು ನಾನೇ ತಾನೆ. ನೀನು ಪಾಪ ಆಫೀಸಿನವರನ್ನು ಕಾಡಿ ಬೇಡಿ ಒಪ್ಪಿಗೆ ತಂದೆ, ಕಲ್ಲಿನವನಿಗೆ ಕೆತ್ತಲು ಹೇಳಿದೆ. ಇಪ್ಪತ್ತಕ್ಕೆ ಬಂದು ಕೂರಿಸುತ್ತಾನಂತೆ. ಅವಳು ಹೋದ ಮೇಲೆ ಈ ಮನೆಯಲ್ಲಿ ಎಲ್ಲಿ ಕೂತರೂ ಯಾರೋ ಎಬ್ಬಿಸಿದ ಹಾಗೆ ಆಗುತ್ತೆ ಮಗಳೇ. ಎದ್ದು ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಹೊಳೆಯದೆ ನೀರು ಕುಡಿದು ವಾಪಸ್ ಬರುತ್ತೇನೆ. ಹೀಗೇ ದಿನಕ್ಕೆ ಎಷ್ಟು ನೀರು ಕುಡಿಯುತ್ತೇನೋ, ಡಾಕ್ಟರಿಗಂತೂ ಸಂತೋಷ. ಅವಳ ಹೆಸರಿನ ಜಾಗದಲ್ಲಿ ಹಾಯಾಗಿ ಕೂತು ಬರೋಣ ಅನ್ನೋ ಆಸೆ, ಅಷ್ಟೇ.

ಆ ಕಾಲೇಜಿನ ಕಥೆ ನಿನ್ನಮ್ಮ ಹೇಳುವಾಗೆಲ್ಲ ನೀನು ಆಕಳಿಸುತ್ತಿದ್ದೆ, ಅದಕ್ಕೆ ಇನ್ನೊಮ್ಮೆ ಹೇಳುತ್ತೇನೆ. ಕಾಲೇಜು ಕಟ್ಟಿದ ಮಹಾತಾಯಿಯನ್ನು ಊರೆಲ್ಲ ಕೊಡೆಯಮ್ಮ ಅನ್ನುತ್ತಿತ್ತು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲೊಂದು ಕರೀ ಕೊಡೆ. ಅದನ್ನು ಬಿಚ್ಚಿದ್ದು ಕಡಿಮೆ, ತೋರಿಸಿ ಗದರಿಸಿದ್ದೇ ಜಾಸ್ತಿ. ಹೆಣ್ಣುಮಕ್ಕಳ ಕಾಲೇಜು ಅಂದರೆ ಬಾಡಿಗೆಗೆ ದನದ ಕೊಟ್ಟಿಗೆಯನ್ನೂ ಕೊಡದ ಕಾಲ ಅದು. ಕೊನೆಗೆ ಕಲ್ಲು ಒಡೆದು ಬಿಟ್ಟ ಹಳ್ಳದ ಪಕ್ಕ, ಯಾರಿಗೂ ಬೇಡದ ಇಳಿಜಾರು ಸಿಕ್ಕಿತು. ಮೊದಲ ದಿನವೇ ಆಕೆ ಹುಡುಗಿಯರನ್ನು ಆ ಇಳಿಜಾರಿನಲ್ಲಿ ನಿಲ್ಲಿಸಿ, ನೀವು ಬಿಟ್ಟು ಬಂದ ಮನೆ ಅಪ್ಪಂದು, ಮುಂದೆ ಹೋಗೋ ಮನೆ ಗಂಡಂದು, ನಡುವೆ ಇಲ್ಲಿ ಮಂಚದಷ್ಟು ನೆಲ ನಿಮ್ಮದು ಕಣ್ರೇ ಅಂದರಂತೆ. ಒಬ್ಬೊಬ್ಬಳಿಗೂ ಒಂದೊಂದು ತುಂಡು. ಅದಕ್ಕೆ ಪಾಲು ಅಂತಲೇ ಹೆಸರು. ಅಪ್ಪನ ಆಸ್ತಿಯಲ್ಲಿ ಪಾಲು ಸಿಗದವರಿಗೆ ಇದಾದರೂ ಇರಲಿ ಅಂತ. ಅದರಲ್ಲಿ ನೆಡಬಾರದು, ಕೀಳಬಾರದು, ಗುಡಿಸಬಾರದು. ಓದು ಮುಗಿಯುವವರೆಗೆ ದಿನಾ ನೋಡಬೇಕು. ಏನು ಹುಟ್ಟಿತು, ಏನು ಸತ್ತಿತು, ನೀರು ಯಾವ ಕಡೆ ಹರಿಯಿತು. ಬಿಟ್ಟುಹೋಗುವಾಗ ಹೊಸ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಬಂದು, ಕಂಡದ್ದನ್ನೆಲ್ಲ ಬಾಯಲ್ಲೇ ಒಪ್ಪಿಸಬೇಕು. ಕಾಗದಕ್ಕೆ ಇಳಿಸಿದರೆ ನಿಮ್ಮ ತಲೆ ಖಾಲಿಯಾಗುತ್ತೆ ಅನ್ನುತ್ತಿದ್ದರಂತೆ ಕೊಡೆಯಮ್ಮ.

ನಿನ್ನಮ್ಮನ ಪಾಲು ಬೇಲಿಗೆ ಅಂಟಿಕೊಂಡಿತ್ತು. ಗಂಡುಹುಡುಗರ ಕಾಲೇಜಿನಿಂದ ಬರುವ ದಾರಿ ಬೇಲಿಯ ಆಚೆ. ದಿನಾ ಒಂದು ಹುಡುಗಿ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿರುತ್ತಾಳೆ, ತಲೆ ಎತ್ತುವುದೇ ಇಲ್ಲ. ಓಲೆ ಬಿದ್ದುಹೋಗಿರಬೇಕು ಅಂದುಕೊಂಡೆ. ಮಾರನೇ ದಿನವೂ ಹುಡುಕುತ್ತಿದ್ದಾಳೆ! ಒಂದು ದಿನ ಧೈರ್ಯ ಮಾಡಿ, ಎಕ್ಸ್‌ಕ್ಯೂಸ್ ಮಿ ಮೇಡಂ, ವಾಟ್ ಈಸ್ ದಿ ಟೈಮ್ ಅಂದೆ. ಅವಳು ನೆಲದಿಂದ ಕಣ್ಣು ಕೀಳದೆ, ನಿಮ್ಮ ಕೈಯಲ್ಲೇ ಕಟ್ಟಿದೆಯಲ್ಲ ಅಂದಳು. ಆಮೇಲೆ ನಾನು ನಿಲ್ಲದ ದಿನವಿಲ್ಲ. ಈ ಭಾಗ ಮಾತ್ರ ನೀನು ಆಕಳಿಸದೆ ಕೇಳುತ್ತಿದ್ದೆ.

ಈಗ ನಿನ್ನೆಯ ಸಂಗತಿ. ಬೇಲಿಯನ್ನು ಎಂದೋ ಆಚೆಗೆ ಸರಿಸಿದ್ದಾರೆ. ಹಳೇ ಬೇಲಿಯ ಸಾಲಿನಲ್ಲಿ ಹುಲ್ಲಿಲ್ಲದ, ಸಮತಟ್ಟಾದ ಒಂದು ಪಟ್ಟಿ ಇದೆ. ಬೆಂಚಿಗೆ ಹೇಳಿ ಮಾಡಿಸಿದ ಜಾಗ ಅಂತ ಊರುಗೋಲಿನಲ್ಲಿ ಗೀಟು ಹಾಕುತ್ತಿದ್ದೆ. ಎಲ್ಲಿಂದಲೋ ಒಂದು ಹುಡುಗಿ ಓಡಿಬಂದಳು. ಅಯ್ಯೋ ತಾತ, ಅಲ್ಲಿ ಗೀಚಬೇಡಿ, ಅಲ್ಲಿ ಬಾಣಂತಿಯರಿದ್ದಾರೆ! ನಾನು ಬೆಚ್ಚಿ ಹಿಂದಕ್ಕೆ ಬಂದೆ. ನೋಡಿದರೆ ನೆಲದ ತುಂಬ ಪೆನ್ಸಿಲ್ ತೂರುವಷ್ಟು ತೂತುಗಳು. ಒಳಗಿರುವ ಹುಳಗಳು ಜೇನಿನ ದಾಯಾದಿಗಳಂತೆ, ಆದರೆ ರಾಣಿಯೂ ಇಲ್ಲ, ಒಟ್ಟು ಕುಟುಂಬವೂ ಇಲ್ಲ. ಒಬ್ಬೊಬ್ಬಳೂ ತಾನೇ ತೋಡಿ, ಹೂವಿನ ಹುಡಿ ತುಂಬಿ, ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತಾಳಂತೆ. ಈಗ ನಿನ್ನಮ್ಮನ ಆ ಪಾಲು ಈ ಹುಡುಗಿಯದು. ಇಲ್ಲೊಂದು ಬೆಂಚು ಹಾಕಿಸಬೇಕಮ್ಮ ಅಂದೆ. ಅದು ಯಾರ ಹೆಸರಿನದು ಅಂತ ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಇನ್ನು ಅವಳು ಹೇಳಿದ್ದನ್ನು ಕೇಳು. ಈ ನೆಲ ಬೋಳಾದದ್ದು ಹೇಗೆ ಗೊತ್ತಾ ತಾತ? ತುಂಬಾ ಹಿಂದೆ ಈ ಪಾಲು ಒಬ್ಬ ಅಕ್ಕನದಾಗಿತ್ತಂತೆ. ಬೇಲಿಯಾಚೆ ಒಬ್ಬ ಪೆದ್ದ ದಿನಾ ಬಂದು, ಕಾಲು ಬದಲಿಸುತ್ತಾ, ಇಂಗ್ಲಿಷಿನಲ್ಲಿ ಟೈಮು ಕೇಳುತ್ತಿದ್ದನಂತೆ. ಅವನು ತುಳಿದು ತುಳಿದು ಹುಲ್ಲು ಸತ್ತು ನೆಲ ಗಟ್ಟಿಯಾಯಿತಂತೆ. ಇಂಥ ಬೋಳು ನೆಲವೇ ಬೇಕಾಗಿದ್ದ ಈ ಹುಳಗಳು ಆಮೇಲೆ ಬಂದವಂತೆ. ಪೆದ್ದನಿಂದಲೂ ನೆಲಕ್ಕೊಂದು ಉಪಕಾರ ಅಂತ ಆ ಅಕ್ಕ ಒಪ್ಪಿಸಿ ಹೋದರಂತೆ. ಪುಟ್ಟೀ, ಪೆದ್ದ ಅನ್ನುವ ಆ ಪದವನ್ನು ಅವಳು ಎಳೆದ ರಾಗ ಇದೆಯಲ್ಲ, ಅದು ನಿನ್ನಮ್ಮಂದೇ. ಎಷ್ಟು ಹುಡುಗಿಯರ ಬಾಯಿ ದಾಟಿ ಬಂತೋ, ರಾಗ ಒಂದಿಷ್ಟೂ ಕೆಟ್ಟಿಲ್ಲ. ಈ ಹುಳಗಳ ವಿಷಯ ನನಗೆ ಒಂದು ದಿನವೂ ಹೇಳಲಿಲ್ಲ ನೋಡು ನಿನ್ನಮ್ಮ, ಹೇಳಿದರೆ ನಾನು ಬೀಗುತ್ತೇನೆ ಅಂತ ಇರಬೇಕು. ನಾನು ತೂತುಗಳಿಂದ ಈಚೆ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಏಳಲಿಕ್ಕಾಗದೆ ಹುಡುಗಿಯರು ಇಬ್ಬರು ಎತ್ತಬೇಕಾಯಿತು, ಅದು ಬೇರೆ ಮಾತು. ಬೆಂಚು ಬರುತ್ತಾ ತಾತ ಅಂತ ಅವಳು ಕೇಳಿದ್ದಕ್ಕೆ, ಮಗಳನ್ನು ಕೇಳಿ ಹೇಳುತ್ತೇನೆ ಅಂದು ಬಂದೆ.

ಆ ಕೂತಷ್ಟು ಹೊತ್ತು ಮಾತ್ರ ಯಾರೂ ಎಬ್ಬಿಸಿದ ಹಾಗೆ ಆಗಲಿಲ್ಲ. ಇನ್ನೂ ಏನೋ ಬರೆಯಬೇಕೆಂದಿದ್ದೆ, ಆದರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ನೋಡಿದರೆ ಕಿಟಕಿಯಲ್ಲಿ ಬೆಳಕೇ ಇಲ್ಲ. ಸಾಕು.

ಅಳಿಯಂದಿರಿಗೆ ಬಿಸಿನೀರು ಕುಡಿಯಲು ಹೇಳು. ನಿನ್ನ ಸೊಂಟ ಗಟ್ಟಿಯಾಗಲಿ, ಮನೆ ತಂಪಾಗಿರಲಿ.

ನಿನ್ನ
ಅಪ್ಪ

ಮರೆತಿದ್ದೆ: ಕಲ್ಲಿನವನಿಗೆ ಬೆಂಚು ಬೇಡ ಅಂತ ನೀನೇ ಹೇಳಿಬಿಡು, ನಾನು ಹೇಳಹೋದರೆ ಅವನಿಗೂ ಇಡೀ ಕಥೆ ಶುರುಮಾಡಿಬಿಡುತ್ತೇನೆ. ಸ್ವಲ್ಪ ಪಕ್ಕಕ್ಕೆ ಹಾಕಿಸೋಣ ಅನ್ನಬೇಡ, ಪಕ್ಕದ್ದು ಇನ್ನೊಬ್ಬಳ ಪಾಲು. ಹೆಸರು ಕೆತ್ತಿಯಾಗಿದ್ದರೆ ನಮ್ಮ ಹಿತ್ತಲಿಗೆ ಇಳಿಸಿ ಹೋಗಲಿ. ಇನ್ನೊಂದು, ನೀನು ಯಾವಾಗಲಾದರೂ ಅಲ್ಲಿಗೆ ಹೋದರೆ ಆ ಪೆದ್ದ ಯಾರು ಅಂತ ಹುಡುಗಿಗೆ ಹೇಳಬೇಡ. ತಿಳಿದರೆ ಮರ್ಯಾದೆಗೆ ಅಂತ ಆ ಮಾತು ನುಂಗಿಕೊಂಡಾಳು, ಮುಂದಿನವಳಿಗೆ ತಲುಪೋದಿಲ್ಲ.