ತಲೆಯ ಅಳತೆ ತೆಗೆಯಿರಿ, ಹೆಲ್ಮೆಟ್ಟನ್ನಲ್ಲ

ಕುದುರೆ ಓಟದ ಸುರಕ್ಷತೆಯ ಹೊಣೆ ಹೊತ್ತ ಜಿಲ್ಲಾ ಅಧಿಕಾರಿಗಳೇ,

ಬರುವ ಅಮಾವಾಸ್ಯೆಯ ಮರುದಿನ ಬಾದಾಮಿಯಲ್ಲಿ ನಡೆಯುವ ಓಟದಲ್ಲಿ ಯಾವ ಸವಾರನೂ ಹೆಲ್ಮೆಟ್ ಧರಿಸಕೂಡದೆಂದು ತಾವು ಆದೇಶ ಹೊರಡಿಸಿದ್ದೀರಿ. ಕೆರೂರಿನ ಓಟದಲ್ಲಿ ನಡೆದ ಅವಘಡಕ್ಕೆ ಹೆಲ್ಮೆಟ್ಟೇ ಕಾರಣವಂತೆ. ಒಬ್ಬರಿಗೆ ಚಪ್ಪಲಿ ಕಚ್ಚಿದರೆ ಜಿಲ್ಲೆಗೆಲ್ಲ ಬರಿಗಾಲಿನ ಆದೇಶ ಬರುತ್ತದೆಯೇ? ಅಂದು ಕುದುರೆಯಿಂದ ಬಿದ್ದ ಸವಾರನ ಹೆಂಡತಿ ನಾನು, ಹುನಗುಂದದ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ತಮ್ಮ ತರ್ಕಕ್ಕೆ ನನ್ನ ಎಂಟನೆಯ ತರಗತಿಯಲ್ಲೂ ಅಂಕ ಸಿಗುವುದಿಲ್ಲ.

ನನ್ನ ಗಂಡ ನಾಗಲಿಂಗನಿಗೆ ಕಮತಗಿಯಲ್ಲಿ ಹಿಂಡಿ-ಬೂಸಾ ಅಂಗಡಿ ಇದೆ. ಅವರ ತಲೆ ದೊಡ್ಡದು. ಮದುವೆಯ ದಿನ ಬಾಸಿಂಗದ ದಾರ ಸಾಲದೆ ನನ್ನ ತಮ್ಮ ಚಡ್ಡಿಯ ಲಾಡಿ ಬಿಚ್ಚಿ ಕೊಡಬೇಕಾಗಿತ್ತು. ಅಂಥ ತಲೆಗೆ ಒಪ್ಪುವುದನ್ನು ಆರಿಸಲು ನಾವಿಬ್ಬರೂ ಇಡೀ ದಿನ ಹೆಲ್ಮೆಟ್ ಅಂಗಡಿಯಲ್ಲಿ ಕೂತಿದ್ದೆವು. ಹುಬ್ಬಿನ ಮೇಲೆ ಟೇಪು ಸುತ್ತಿದೆವು. ತಲೆ ಕೊಡವಿದಾಗ ಹೆಲ್ಮೆಟ್ ಜಾರದೆ, ಹಣೆಯ ಚರ್ಮವೂ ಅದರ ಜೊತೆಗೇ ಅಲುಗಬೇಕು. ಗದ್ದದ ಪಟ್ಟಿ ಬಿಗಿಯಾಗಿದ್ದೂ ಉಸಿರಾಡಲು ಬರಬೇಕು. ಹೀಗೆ ನೋಡಿ ಕೊಂಡದ್ದನ್ನು ಕೆರೂರಿನಲ್ಲಿ ತಮ್ಮ ಸಿಬ್ಬಂದಿ ತೆಗೆಸಿಹಾಕಿದರು. ಕಚೇರಿ ಕೊಟ್ಟ ಹೆಲ್ಮೆಟ್ಟಷ್ಟೇ ಅಧಿಕೃತವಂತೆ. ಗೋಣಿಚೀಲದಿಂದ ಸುರಿದ ಆ ಹೆಲ್ಮೆಟ್ಟುಗಳದ್ದೆಲ್ಲ ಒಂದೇ ಅಳತೆ.

ನಾನು ವೇದಿಕೆಯ ಬಳಿಗೆ ಬಂದು ಕೇಳಿದಾಗ ತಾವು ನಕ್ಕು, “ಮೇಡಂ, ಸರ್ಕಾರದ ದೃಷ್ಟಿಯಲ್ಲಿ ಎಲ್ಲ ತಲೆಗಳೂ ಸಮಾನ” ಎಂದಿರಿ.

“ಸರ್ಕಾರದ ದೃಷ್ಟಿಯೊಳಗ ಇರಬಹುದ್ರಿ, ಇವರ ಹೆಗಲ ಮ್ಯಾಲ ಹಂಗಿಲ್ಲ” ಎಂದೆ.

ಸಮಾನತೆಯ ಮಾತನ್ನು ಬಸವಣ್ಣನವರ ನಾಡಿನವರಿಗೆ ತಾವು ಹೇಳಿಕೊಡಬೇಕಿಲ್ಲ. ಆದರೆ ಅದಕ್ಕಾಗಿ ಯಾರ ಕಿವಿಯನ್ನೂ ಮಡಚಬೇಕೆಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತಮ್ಮ ಇಬ್ಬರು ನೌಕರರು ನನ್ನ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಡಬ್ಬಿಗೆ ಮುಚ್ಚಳ ಒತ್ತುವಂತೆ ಹೆಲ್ಮೆಟ್ ಒತ್ತಿದರು. ಗಂಡ ನನ್ನತ್ತ ತಿರುಗಿ, “ಶೈಲಾ, ಏನಂದಿ? ಏನೂ ಕೇಳಸವಲ್ದು” ಎಂದು ಕೂಗಿದರು. ನಾನು ಆಗ ಬಾಯಿಯನ್ನೇ ತೆರೆದಿರಲಿಲ್ಲ.

ಪಕ್ಕದಲ್ಲಿದ್ದ ಮಹಾಕೂಟದ ಯಮನೂರನದು ಸಣ್ಣ ತಲೆ. ಅವನಿಗೆ ಅದೇ ಹೆಲ್ಮೆಟ್ ಮೂಗಿನವರೆಗೆ ಇಳಿಯಿತು. ಅವನ ತಾಯಿ ಶಾರವ್ವ ಒಳಗೆ ಟವೆಲ್ ತುರುಕಿದರೆ, ಆದೇಶದಲ್ಲಿ ಟವೆಲ್ಲಿನ ಉಲ್ಲೇಖವಿಲ್ಲವೆಂದು ತೆಗೆಸಿದಿರಿ.

“ಸಾಹೇಬ್ರ, ನನ್ನ ಮಗಗ ಮುಂದಿಂದು ಕಾಣಸಂಗಿಲ್ರಿ” ಎಂದಳು ಆಕೆ.

“ಕುದುರೆಗೆ ಕಾಣುತ್ತದಲ್ಲ” ಎಂದಿರಿ ತಾವು.

ಕಂಡಿತು. ಅದಕ್ಕೆ ಕಂಡದ್ದು ಕೆರೂರಿನ ಬಸ್ ನಿಲ್ದಾಣದ ಎದುರು ಗುಡ್ಡೆ ಹಾಕಿದ್ದ ಗಜ್ಜರಿ, ತಮ್ಮ ಭಾಷೆಯಲ್ಲಿ ಕ್ಯಾರೆಟ್. ಓಟ ಶುರುವಾದ ಸ್ವಲ್ಪ ಹೊತ್ತಿಗೇ ಯಮನೂರನ ಕುದುರೆ ಹಾದಿ ಬಿಟ್ಟು ಅತ್ತ ತಿರುಗಿತು. ಕುಲುಕಾಟಕ್ಕೆ ಹೆಲ್ಮೆಟ್ ಗದ್ದದವರೆಗೂ ಇಳಿದಿದ್ದ ಸವಾರ, ಜನರ ಚೀರಾಟವನ್ನು ಹುರಿದುಂಬಿಸುವ ಕೂಗೆಂದು ತಿಳಿದು ಇನ್ನೂ ಜೋರಾಗಿ ಓಡಿಸಿದ. ಎದುರಿನಿಂದ ಬಾಗಲಕೋಟೆಯ ಬಸ್ ಬರುತ್ತಿತ್ತು. ಮುಂದೆ ಓಡುತ್ತಿದ್ದ ನನ್ನ ಗಂಡ ಗೆಲ್ಲುವ ಓಟ ಬಿಟ್ಟು ಕುದುರೆ ತಿರುಗಿಸಿದರು. ಬಸ್ಸಿನ ಮೂತಿಯ ಮುಂದೆ ಯಮನೂರನ ಲಗಾಮು ಹಿಡಿದು ಜಗ್ಗಿದರು. ಕುದುರೆಗಳು ಉಳಿದವು. ಯಮನೂರ ಗಜ್ಜರಿಯ ಗುಡ್ಡೆಗೆ ಬಿದ್ದ. ನನ್ನ ಗಂಡ ಜಗ್ಗಿದ ರಭಸಕ್ಕೆ ಕುದುರೆಯಿಂದ ಬಿದ್ದು, ಅವರ ತಲೆಯ ಹಿಂಭಾಗ ಸಿಮೆಂಟಿನ ಕಟ್ಟೆಗೆ ಬಡಿಯಿತು.

ಗಜ್ಜರಿಯೊಳಗಿಂದ ಎದ್ದ ಯಮನೂರ ಹೆಲ್ಮೆಟ್ಟಿನೊಳಗಿಂದಲೇ, “ಗೆದ್ದವ್ರು ಯಾರ್ರಿ?” ಎಂದು ಕೇಳಿದ.

ಬಸ್ಸಿನ ಕಂಡಕ್ಟರು, “ನೀ ಮೊದಲ ಬಸ್ ಸ್ಟ್ಯಾಂಡ್ ಬಿಟ್ಟು ಹೊರಗ ಹೋಗೋ ಮಾರಾಯಾ” ಎಂದರು.

ದವಾಖಾನೆಯಲ್ಲಿ ಡಾಕ್ಟರ್ ಪದ್ಮಶ್ರೀ ಹೆಲ್ಮೆಟ್ ತೆಗೆಯಲು ನೋಡಿದರೆ ಅದು ಕದಲಲಿಲ್ಲ. ಎಳೆದರೆ ಕುತ್ತಿಗೆಗೆ ಅಪಾಯವೆಂದು ಕತ್ತರಿಸುವ ಯಂತ್ರ ತರಿಸಿದರು. ಆಗ ತಮ್ಮ ನೌಕರ ಅಡ್ಡ ನಿಂತ.

“ಕೊಯ್ಯಾಂಗಿಲ್ರಿ. ಸರ್ಕಾರಿ ಸ್ವತ್ತು.”

“ಒಳಗಿನ ತಲಿ ಯಾರ ಸ್ವತ್ತು?” ಎಂದು ಡಾಕ್ಟರು ಕೇಳಿದರು.

ಆತ ನಿಜವಾಗಿಯೂ ಯೋಚಿಸಿದ. ಆಮೇಲೆ ತಮಗೆ ಫೋನ್ ಮಾಡಿದ. ತಾವು ಕೇಳಿದ ಮೊದಲ ಪ್ರಶ್ನೆಯನ್ನು ಅವನೇ ನನಗೆ ತಿಳಿಸಿದ: ಹೆಲ್ಮೆಟ್ಟಿಗೆ ಏನೂ ಆಗಿಲ್ಲ ತಾನೇ?

ನನ್ನ ಗಂಡ ಕಣ್ಣು ಮುಚ್ಚಿ ಮಲಗಿದ್ದರು. ಕೈ ತಣ್ಣಗಿತ್ತು. ಎಷ್ಟು ಕರೆದರೂ ಉತ್ತರವಿಲ್ಲ. ಕಿವಿ ಮುಚ್ಚಿದ್ದಕ್ಕೆ ಉತ್ತರ ಬರುತ್ತಿಲ್ಲವೋ, ಇನ್ನು ಬರುವುದೇ ಇಲ್ಲವೋ ನನಗೆ ತಿಳಿಯಲಿಲ್ಲ. ಮಾನ್ಯರೇ, ಆ ಹೊತ್ತಿನಲ್ಲಿ ತಮ್ಮ ಅನುಮತಿಗಾಗಿ ಕಾಯುವುದು ಹೇಗಿರುತ್ತದೆಂದು ಬರೆಯಲು ನನಗೆ ಬರುವುದಿಲ್ಲ. ನಾನು ತಮ್ಮ ನೌಕರನ ರಟ್ಟೆ ಹಿಡಿದು ಬಾಗಿಲಾಚೆ ದಬ್ಬಿ ಚಿಲಕ ಹಾಕಿದೆ. ಡಾಕ್ಟರು ಕೊಯ್ದರು.

ಹೆಲ್ಮೆಟ್ ಎರಡು ಹೋಳಾಗುತ್ತಲೇ ನನ್ನ ಗಂಡ ಕಣ್ಣು ಬಿಟ್ಟರು. “ಯಾಕ ಅಳಾಕತ್ತಿ? ಯಮನೂರ ಹೆಂಗದಾನ?”

ಡಾಕ್ಟರು ಹೆಲ್ಮೆಟ್ಟಿನ ಹಿಂಬದಿಯನ್ನು ನನಗೆ ತೋರಿಸಿದರು. ಕಟ್ಟೆಗೆ ಬಡಿದ ಜಾಗದಲ್ಲಿ ಅಂಗೈಯಗಲ ಸೀಳಿತ್ತು. “ಇದು ಇರದಿದ್ರ ಈ ಸೀಳು ತಲಿಗೇ ಬೀಳ್ತಿತ್ತು ನೋಡ್ರಿ” ಎಂದರು.

ಇದೇ ಸಾಕ್ಷಿ. ಅಳತೆ ತಪ್ಪಿದ ಹೆಲ್ಮೆಟ್ ಕೂಡ ಒಂದು ತಲೆ ಉಳಿಸಿತು. ಅಳತೆ ಸರಿಯಿದ್ದರೆ ಯಮನೂರ ದಾರಿಯನ್ನೇ ತಪ್ಪುತ್ತಿರಲಿಲ್ಲ. ಇದರಿಂದ ತಾವು ಕಲಿತದ್ದು ಮಾತ್ರ ಹೆಲ್ಮೆಟ್ಟೇ ಬೇಡವೆಂದು! ತಪ್ಪು ಒಪ್ಪಿಕೊಳ್ಳುವುದಕ್ಕಿಂತ ತಲೆಗಳನ್ನು ಬಿಟ್ಟುಕೊಡುವುದು ಸುಲಭವಾಯಿತೇ?

ಬಾದಾಮಿಯಲ್ಲಿ ನನ್ನ ಗಂಡ, ಯಮನೂರ ಇಬ್ಬರೂ ಕುದುರೆ ಓಡಿಸುತ್ತಾರೆ. ನಾನು ಬೇಡವೆಂದರೆ ನನ್ನ ಗಂಡ ಮಾತು ಬದಲಿಸಿ ಕುದುರೆಗೆ ಮೇವು ಹಾಕಲು ಏಳುತ್ತಾರೆ. ಆದ್ದರಿಂದ ನನ್ನ ಒತ್ತಾಯ ಇಷ್ಟು: ಆ ಆದೇಶವನ್ನು ಓಟಕ್ಕೆ ಮೊದಲೇ ಹಿಂಪಡೆಯಿರಿ. ಹೆಲ್ಮೆಟ್ ಕಡ್ಡಾಯವಾಗಿಯೇ ಇರಲಿ, ಆದರೆ ಅವರವರ ತಲೆಗೆ ಒಪ್ಪುವುದನ್ನು ಅವರವರೇ ಆರಿಸಲಿ. ಓಟ ಶುರುವಾಗುವಲ್ಲಿ ಟೇಪು ಹಿಡಿದ ಒಬ್ಬರನ್ನು ನಿಲ್ಲಿಸಿ. ಕಚೇರಿಯಲ್ಲಿ ಅಂಥವರಿಲ್ಲದಿದ್ದರೆ ನಾನೇ ಬಂದು ನಿಲ್ಲುತ್ತೇನೆ. ಬರಿದಲೆಯ ಓಟವೇ ಸುರಕ್ಷಿತವೆಂದು ತಮಗೆ ಅಷ್ಟು ನಂಬಿಕೆಯಿದ್ದರೆ, ಕಮತಗಿಯಲ್ಲಿ ನಮ್ಮದೊಂದು ಕುದುರೆಯಿದೆ. ತಾವೇ ಬಂದು ಒಮ್ಮೆ ಹತ್ತಿ ತೋರಿಸಿ.

ಇಂತಿ,
ತಮ್ಮ ಕಾಳಜಿಯಿಂದ ಇನ್ನೊಮ್ಮೆ ಪಾರಾಗುವ ಶಕ್ತಿಯಿಲ್ಲದ,
ಶೈಲಾ, ಕಮತಗಿ