ಹೆಸರು ಒಂದು ಡಿಸ್ಕಿನಲ್ಲಿ, ವಿಳಾಸ ಇನ್ನೊಂದರಲ್ಲಿ

ಅನಗೋಳ, ಬೆಳಗಾವಿ
೧೪-೭-೧೯೮೮

ಪ್ರೀತಿಯ ಅವ್ವಾ,

ನಿನ್ನ ಹಿರಿಮಗಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಈ ಮಳೆಯಲ್ಲಿ ಗದ್ದೆಗೆ ಇಳಿಯಬೇಡ ಎಂದರೆ ಕೇಳುವವಳಲ್ಲ ನೀನು. ತಂಗಿ ಸಂಗವ್ವನ ಕಾಲಿನ ಬಾವು ಇಳಿದಿದೆಯೇ, ಊಟ ಸೇರುತ್ತಿದೆಯೇ? ಎಂಟು ತುಂಬಿದ ಬಸುರಿ, ಅವಳ ಕೈಗೆ ಮಾತ್ರ ಈ ಪತ್ರ ಕೊಡಬೇಡ. ನೀನೇ ಕನ್ನಡಕ ಹಾಕಿಕೊಂಡು ಓದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಮ್ಮ ಆಸ್ಪತ್ರೆಯ ರಕ್ತನಿಧಿಯ ಕಂಪ್ಯೂಟರು ಮೊನ್ನೆ ಕೆಟ್ಟಿತು. ಕೆಟ್ಟರೆ ಕೆಡಲಿ, ನಿನಗ್ಯಾಕ ಚಿಂತಿ ಎನ್ನುತ್ತೀ. ರಕ್ತ ಕೊಡಲು ಒಪ್ಪಿದವರ ಹೆಸರು, ವಿಳಾಸಗಳೆಲ್ಲ ಅದರ ಎರಡು ಡಿಸ್ಕುಗಳಲ್ಲಿದ್ದವು. ಹಳೆಯ ಕಾಗದಗಳು ಹೋದ ಮಳೆಗಾಲವೇ ನೀರು ನುಗ್ಗಿ ಮುದ್ದೆಯಾಗಿವೆ. ಹೋದ ಹೆರಿಗೆಯಲ್ಲಿ ಸಂಗವ್ವನಿಗೆ ರಕ್ತ ಹೋಗುವುದು ನಿಲ್ಲದಿದ್ದಾಗ, ಅವಳ ಅಪರೂಪದ ನೆಗೆಟಿವ್ ಗುಂಪಿನವರನ್ನು ಆ ಯಂತ್ರವೇ ಹುಡುಕಿಕೊಟ್ಟಿತ್ತು. ಕ್ಯಾಂಪಿನಿಂದ ಸೈಕಲ್ ತುಳಿದುಕೊಂಡು ಬಂದ ಆ ಪುಣ್ಯಾತ್ಮ ಸೈನಿಕ ಈಗ ಬದಲಿಯಾಗಿ ಎಲ್ಲಿಗೋ ಹೋಗಿದ್ದಾನೆ.

ಅವ್ವಾ, ಉಣ್ಣುವ ಭತ್ತವನ್ನು ನೀನು ಕೈಗೆ ಸಿಗುವ ಹಾಗೆ ಪಡಸಾಲೆಯಲ್ಲಿ ಇಡುತ್ತೀ. ಬೀಜದ ಭತ್ತವನ್ನು ಮಾತ್ರ ಒಂದಿಷ್ಟು ಅಟ್ಟದಲ್ಲಿ, ಒಂದಿಷ್ಟು ಕಾಕಾನ ಮನೆಯಲ್ಲಿ ಇಡುತ್ತೀ, ಒಂದು ಕಡೆ ಹುಳ ಹತ್ತಿದರೂ ಬಿತ್ತನೆ ನಿಲ್ಲಬಾರದೆಂದು. ಡಿಸ್ಕಿಗೂ ಇದೇ ನ್ಯಾಯ. ದಿನದ ಬಾಟಲಿಗಳ ಲೆಕ್ಕಕ್ಕೆ ಎರಡೂ ಡಿಸ್ಕು ಅರ್ಧರ್ಧ ಹಂಚಿಕೊಂಡು ದುಡಿಯಲಿ, ಬೇಗ ಆಗುತ್ತದೆ, ಹೋದರೂ ಮತ್ತೆ ಬರೆದುಕೊಳ್ಳಬಹುದು. ದಾನಿಗಳ ವಿವರ ಮಾತ್ರ ಎರಡರಲ್ಲೂ ಪೂರ್ತಿಯಾಗಿ ಇರಲಿ, ಬರೆಯಲು ತಡವಾದರೂ ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ ಎಂದು ನಾನು ಬಡಕೊಂಡೆ. ಮ್ಯಾನೇಜರ್ ಬಾಳಾಸಾಹೇಬರು ನಕ್ಕರು. "ಒಂದ ಕೊರಳಿಗೆ ಎರಡ ತಾಳಿ ಯಾಕವ್ವಾ? ಜಾಗಾ ಹಾಳ ಆಗತೈತಿ" ಎಂದರು. ಫೋನು ಬಂದ ಕೂಡಲೇ ಉತ್ತರ ಸಿಗಬೇಕೆಂದು ಹೆಸರು, ರಕ್ತದ ಗುಂಪನ್ನು ಒಂದು ಡಿಸ್ಕಿಗೆ, ವಿಳಾಸವನ್ನು ಇನ್ನೊಂದಕ್ಕೆ ಹಾಕಿಸಿದರು. ವೇಗವೇನೋ ಬಂತು, ಸುಳ್ಳೇಕೆ ಹೇಳಲಿ.

ಮೊನ್ನೆ ವಿಳಾಸದ ಡಿಸ್ಕು ಬೀಸುಕಲ್ಲಿಗೆ ಹರಳು ಸಿಕ್ಕಂತೆ ಕರ್ರ್ ಎಂದಿತು, ಆಮೇಲೆ ಸುಮ್ಮನಾಯಿತು. ಪುಣೆಯಿಂದ ಬಂದ ಇಂಜಿನಿಯರು ನಿನ್ನೆ ತೆರೆದು ನೋಡಿ, ಒಳಗಿನ ತಟ್ಟೆಯೆಲ್ಲ ಕೆರೆದುಹೋಗಿದೆ, ಏನೂ ಉಳಿದಿಲ್ಲ ಎಂದು ಕೈ ತೊಳೆದುಕೊಂಡ. ಉಳಿದ ಡಿಸ್ಕಿನಿಂದ ನೆಗೆಟಿವ್ ಗುಂಪಿನ ಹೆಸರು ತೆಗೆದೆ. ದುಂಡಪ್ಪ, ಜಹಾಂಗೀರ, ಅಮೀನಾಬೀ. ಯಾವ ದುಂಡಪ್ಪ? ಯಾವ ಓಣಿಯ ಜಹಾಂಗೀರ? ಬೆಳಿಗ್ಗೆಯಿಂದ ಅನಗೋಳವನ್ನೆಲ್ಲ ಸುತ್ತಿದೆ. ಒಬ್ಬ ದುಂಡಪ್ಪ ಸಿಕ್ಕ. "ನಾ ಯಾವಾಗ ರಕ್ತಾ ಕೊಟ್ಟೇನ್ರಿ?" ಎಂದು ಬಾಗಿಲು ಹಾಕಿಕೊಂಡ. ಬಾಳಾಸಾಹೇಬರು ಮಚ್ಛೆಯ ಕಾರ್ಖಾನೆಗಳ ಮುಂದೆ ನಿಂತು ಬಂದವರನ್ನೆಲ್ಲ ವಿಚಾರಿಸುತ್ತಿದ್ದಾರಂತೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ. ಸಂಗವ್ವನ ಗುಂಪಿನದು ನಮ್ಮ ಫ್ರಿಜ್ಜಿನಲ್ಲಿ ಒಂದೇ ಬಾಟಲಿ ಇದೆ. ನನಗೆ ಬಹಳ ಹೆದರಿಕೆಯಾಗುತ್ತಿದೆ, ಅವ್ವಾ.

ಭರಮವ್ವನ ಕೈಗುಣ ದೊಡ್ಡದು, ಮನೆಯಲ್ಲೇ ಹೆರಿಗೆಯಾಗಲಿ ಎಂಬ ಹಟವನ್ನು ಈ ಸಲ ಬಿಡು. ಸೂಲಗಿತ್ತಿ ಕೂಸನ್ನು ತೆಗೆಯಬಲ್ಲಳು, ರಕ್ತ ಎಲ್ಲಿಂದ ತಂದಾಳು? ಅಪ್ಪನಿಗೆ ನಮಸ್ಕಾರ ಹೇಳು, ಸಂಗವ್ವನ ಮಗನಿಗೆ ಮುತ್ತು ಕೊಡು. ಬಸವಣ್ಣ ನಮ್ಮ ಕೈ ಬಿಡದಿರಲಿ.

ನಿನ್ನ ಮಗಳು
ಶಿವಲಿಂಗವ್ವ

ತಾ.ಕ.: ಆಸ್ಪತ್ರೆಯ ಜೀಪಿನ ವಹಾಬ ಖಾನಾಪುರಕ್ಕೆ ಹೊರಟು ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಲೇ ಇದನ್ನು ಕಳಿಸುತ್ತಿದ್ದೇನೆ. ಸಂಗವ್ವನನ್ನು ಕೂಡಿಸಿಕೊಂಡು ಅದೇ ಜೀಪಿನಲ್ಲಿ ಬಂದುಬಿಡು. ಯಾರೂ ಸಿಗದಿದ್ದರೆ ಹೋದ ಸಲದ ಹಾಗೆ ಅಕ್ಕನಾದ ನಾನೇ ಒಂದು ಬಾಟಲಿ ಕೊಡುತ್ತೇನೆ, ಇಬ್ಬರದೂ ಒಂದೇ ಗುಂಪು ಎಂದು ನೀನು ಧೈರ್ಯವಾಗಿರುತ್ತೀ. ನಾನೂ ಹಾಗೇ ಇದ್ದೆ. ಇವತ್ತು ಡಾಕ್ಟರಮ್ಮ ನೋಡಿ, ಕೊಡಕೂಡದು ಎಂದರು. ನನಗೂ ಈಗ ಮೂರು ತಿಂಗಳು, ಅವ್ವಾ. ನಿನ್ನ ಬಾಯಿಗೆ ಸಕ್ಕರೆ ಹಾಕಿ ಹೇಳಬೇಕೆಂದಿದ್ದೆ.